ಅಪ್ಪನ ಕಣ್ಣು, ಲಾರಿಯ ಕಣ್ಣು

ಹೊತ್ತು ಮುಳುಗಿದ ಮೇಲೆ ನಮ್ಮಪ್ಪ ಲಾರಿ ಓಡಿಸುವ ರೀತಿಯನ್ನು ನಾನು ಮಾಡಿ ತೋರಿಸಿದರೆ ಬಂದ ನೆಂಟರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಊಟದ ತಾಟೇ ಸ್ಟೇರಿಂಗು. ಕುತ್ತಿಗೆಯನ್ನು ಆಮೆಯ ಹಾಗೆ ಚಾಚಿ, ಎದುರಿಗಿಲ್ಲದ ಗಾಜಿಗೆ ಮೂಗು ಒತ್ತಿ, ಕಣ್ಣು ಕಿರಿದು ಮಾಡಿ, "ಯಾಂವೋ ಅಂವಾ? ಮನಶ್ಯಾನೋ ಮೈಲುಗಲ್ಲೋ?" ಎಂದು ಕೇಳಿ, ಮೈಲುಗಲ್ಲಿಗೆ ಹಾರ್ನ್ ಹೊಡೆದು, ಅದು ದಾರಿ ಬಿಡಲಿಲ್ಲವೆಂದು ಬೈದು ಮುಂದೆ ಹೋಗುತ್ತಿದ್ದೆ. ಅಪ್ಪನೂ ನಗುತ್ತಿದ್ದ. ಅವ್ವ ಮಾತ್ರ ನಗುತ್ತಿರಲಿಲ್ಲ. ತಾಟು ಕಸಿದುಕೊಂಡು, "ಉಣ್ಣೂ ತಾಟಿನ್ಯಾಗ ಗಾಡಿ ಓಡಸ್ತಿಯಲ್ಲ, ಮೂಳಾ" ಎಂದು ಒಳಗೆ ಹೋಗುತ್ತಿದ್ದಳು.

ನಾನು ಎಲ್ಲರನ್ನೂ ನಕಲು ಮಾಡುತ್ತೇನೆ. ನಮ್ಮೂರು ಇಂಡಿಯ ಪೇಟೆಯಲ್ಲಿ ನಿಂಬೆಹಣ್ಣಿನ ಹರಾಜಿನ ಸವಾಲು ಕೂಗುವವನನ್ನು, ಚಿಲ್ಲರೆ ಕೇಳಿದರೆ ಕಿವುಡಾಗುವ ಬಸ್ ಕಂಡಕ್ಟರನನ್ನು, ಮಾತಿಗೊಮ್ಮೆ ಸೀನುವ ನಮ್ಮ ಸೋದರತ್ತೆಯನ್ನು. ಚಳಿಗಾಲದ ಬೆಳಿಗ್ಗೆ ನಮ್ಮ ಲಾರಿ ಎದ್ದೇಳುವುದನ್ನೂ ಮಾಡುತ್ತೇನೆ. ಅದೂ ನಮ್ಮ ಅಜ್ಜನೂ ಕೆಮ್ಮುವುದು ಒಂದೇ ರಾಗದಲ್ಲಿ. ಮದುವೆಗಳಲ್ಲಿ ಅಕ್ಷತೆ ಬಿದ್ದು ಊಟದ ಪಂಕ್ತಿ ಏಳುವ ನಡುವೆ ನನ್ನ ಕೈಗೆ ಮೈಕು ಕೊಡುತ್ತಾರೆ. ಉಳಿದ ದಿನಗಳಲ್ಲಿ ಅಪ್ಪನ ಜೊತೆ ಲಾರಿಯಲ್ಲಿ ತಿರುಗುತ್ತೇನೆ. ಓಡಿಸುವುದಿಲ್ಲ. ದೊಡ್ಡ ಗಾಡಿಯ ಲೈಸೆನ್ಸ್ ಪರೀಕ್ಷೆಗೆ ಹೋದಾಗ ಹಿಂದಕ್ಕೆ ತೆಗೆಯೆಂದರು, ನಾನು ತೆಗೆದೆ. ನೆಟ್ಟ ಕೋಲುಗಳೆಲ್ಲ ಮಲಗಿದವು, ಸಾಹೇಬರು ಮಾತ್ರ ಸಮಯಕ್ಕೆ ಸರಿಯಾಗಿ ಜಿಗಿದು ಬಚಾವಾದರು. ಅವರು ಜಿಗಿದದ್ದನ್ನು ಈಗಲೂ ಮದುವೆಗಳಲ್ಲಿ ಮಾಡುತ್ತೇನೆ, ಲೈಸೆನ್ಸು ಮಾತ್ರ ಬಂದಿಲ್ಲ.

ಲಾರಿ ನನಗಿಂತ ಹಿರಿಯದು. ಹಾಗಾಗಿ ಮನೆಯಲ್ಲಿ ಅದಕ್ಕೆ ನನಗಿಂತ ಹೆಚ್ಚು ಮರ್ಯಾದೆ. ಮೂಗು ಚಪ್ಪಟೆ, ಹಣೆಯ ಮೇಲೆ ಬಸವಣ್ಣನ ಚಿತ್ರ, ಎರಡು ದುಂಡನೆಯ ಹೆಡ್‌ಲೈಟು. ಇಂಡಿಯ ಪೇಟೆಯಲ್ಲಿ ಮಧ್ಯಾಹ್ನ ಸವಾಲು ಮುಗಿದು, ಹಣ್ಣು ಆರಿಸಿ ಚೀಲ ಹೊಲಿಯುವ ಹೊತ್ತಿಗೆ ಸಂಜೆಯಾಗುತ್ತದೆ. ಆ ಚೀಲಗಳು ನಸುಕಿಗೆ ಬೇರೆ ಊರಿನ ಪೇಟೆಯಲ್ಲಿ ಇಳಿಯಬೇಕು, ಇಲ್ಲದಿದ್ದರೆ ಬಿಸಿಲಿಗೆ ಬಾಡುತ್ತವೆ. ಅಂದರೆ ನಿಂಬೆಹಣ್ಣಿನ ಬಾಡಿಗೆಯೆಂದರೆ ಕತ್ತಲ ಬಾಡಿಗೆ. ಅಪ್ಪ ಮದುವೆಗೆ ಮೊದಲಿನಿಂದಲೂ ಅದನ್ನೇ ಮಾಡಿಕೊಂಡು ಬಂದವನು. "ಅವರ ಲಾರಿಗಿ ಹಾಕಿದ್ರ ಹಣ್ಣು ಮುಟ್ಟಿತು ಅಂತ ತಿಳೀರಿ" ಎಂದು ವ್ಯಾಪಾರಿಗಳು ಹೇಳುತ್ತಿದ್ದರು. ಅಪ್ಪನಿಗೆ ಹೇಳಿಕೊಳ್ಳುವಂಥ ಬಿರುದು ಅದೊಂದೇ.

ಕೆಲವು ತಿಂಗಳಿಂದ ಆ ಬಿರುದು ಅಲುಗಾಡುತ್ತಿತ್ತು. ಕತ್ತಲಾದರೆ ಅಪ್ಪನಿಗೆ ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ. ನಾನು ತಾಟು ಹಿಡಿದು ಮಾಡುತ್ತಿದ್ದುದು ಅದನ್ನೇ. ಕೊನೆಗೊಂದು ಸಂಜೆ ಸಿಂದಗಿ ದಾಟಿ ಬರುವಾಗ ಮುಂದೆ ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರ್ ಹೋಗುತ್ತಿತ್ತು. ಅದರ ಹಿಂದೆ ಲೈಟಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಅಪ್ಪ ಬ್ರೇಕ್ ಒತ್ತಿದಾಗ ಕಬ್ಬಿನ ತುದಿಗಳು ನಮ್ಮ ಮುಂದಿನ ಜಾಳಿಗೆಯೊಳಗೆ ಬಂದಿದ್ದವು. ಯಾರಿಗೂ ಏನೂ ಆಗಲಿಲ್ಲ. ಟ್ರ್ಯಾಕ್ಟರಿನವನು ಇಳಿದು ಬಂದು, "ಏನ್ ಮಾವಾ, ಕಬ್ಬು ಬೇಕಂದ್ರ ಕೇಳಿದ್ರ ಕೊಡ್ತಿದ್ನಿ" ಎಂದ. ನಾನು ನಕ್ಕೆ. ಅಪ್ಪ ಸ್ಟೇರಿಂಗ್ ಬಿಡದೆ ಹಾಗೇ ಕುಳಿತಿದ್ದ. ಅದನ್ನು ಕಂಡು ನನ್ನ ನಗು ಅಲ್ಲಿಗೇ ನಿಂತಿತು.

ಮನೆಗೆ ಬಂದು ನಾವಿಬ್ಬರೂ ಏನೂ ಹೇಳಲಿಲ್ಲ. ಬೆಳಿಗ್ಗೆ ಅಂಗಳ ಗುಡಿಸುವಾಗ ಅವ್ವನಿಗೆ ಜಾಳಿಗೆಯ ಡೊಂಕು ಕಂಡಿತು, ಅದರಲ್ಲಿ ಸಿಕ್ಕಿದ್ದ ಕಬ್ಬಿನ ಗರಿಯೂ ಕಂಡಿತು. ಪೊರಕೆ ಕೈಯಲ್ಲೇ ಇತ್ತು.

"ಸಾಕಿನ್ನ. ನಿಮ್ಮ ಕಣ್ಣು ಹೋಗ್ಯಾವ."

"ಕಣ್ಣಲ್ಲ, ಲೈಟು" ಎಂದ ಅಪ್ಪ. "ಬೆಳಕ ಮುಂದ ಹೋಗವಲ್ದು."

"ಲೈಟು ಹಳೇವು, ಲಾರಿ ಹಳೇದು, ನೀವು ಏನ್ ಹೊಸಬರೇನ್ರಿ?"

ಅಪ್ಪ ವಿಜಯಪುರಕ್ಕೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಂದ. ದೂರದ ನೋಟ ಚೆನ್ನಾಗಿದೆ, ಓದಲು ಮಾತ್ರ ಚಶ್ಮಾ ಹಾಕಿಕೊಳ್ಳಿ ಎಂದಿದ್ದರು. ಅವ್ವ ನಂಬಲಿಲ್ಲ. ಗೋಡೆಯ ಮೇಲಿನ ಅಕ್ಷರಗಳನ್ನು ಅಪ್ಪ ಬಾಯಿಪಾಠ ಮಾಡಿಕೊಂಡು ಹೋಗಿದ್ದಾನೆಂದು ಅವಳ ವಾದ. "ಲೈಸನ್ಸ್ ಹೊಸಾದು ಮಾಡಸಾಕ ಹೋಗು ಡ್ರೈವರ್‌ಗೋಳೆಲ್ಲಾ ಹಂಗ ಮಾಡ್ತಾರ. ನಮ್ಮಣ್ಣನ ಮಾಡಿಲ್ಲೇನು?" ಎಂದಳು. ನಮ್ಮ ಸೋದರಮಾವ ಮಾಡಿದ್ದು ನಿಜವೇ. ಅಲ್ಲಿ ಬೋರ್ಡ್ ಬದಲಾಗಿದ್ದರೂ ಅವನು ಹಳೆಯ ಬೋರ್ಡನ್ನೇ ಓದಿ ಬಂದಿದ್ದ. ಅಪ್ಪನ ಪರವಾಗಿ ವಾದಿಸಲು ಬಾಯಿ ತೆರೆದವನು ಮಾವನ ನಕಲು ಮಾಡಿಬಿಟ್ಟೆ. ಎಲ್ಲರೂ ನಕ್ಕರು, ಅಪ್ಪನ ಕೇಸು ಬಿದ್ದುಹೋಯಿತು.

ಅವ್ವ ಸುಮ್ಮನೆ ಕುಳಿತುಕೊಳ್ಳುವವಳಲ್ಲ. ಹೆದರಿಕೆಯಾದರೆ ಅವಳಿಗೆ ಮಾತು ಹೆಚ್ಚು. ಗಿರಣಿಯಲ್ಲಿ ಹಿಟ್ಟು ಬೀಳುವುದನ್ನು ಕಾಯುತ್ತ, ನೀರಿನ ಹತ್ತಿರ, ಪೇಟೆಯ ವ್ಯಾಪಾರಿಗಳ ಹೆಂಡಂದಿರ ಮುಂದೆ, "ಇವರ್ದು ಕಣ್ಣು ಹೋಗ್ಯಾವಬೇ, ನನಗ ಜೀವದಾಗ ಜೀವ ಇಲ್ಲ" ಎಂದು ತೋಡಿಕೊಂಡಳು. ಹೇಳಿದ್ದು ಸಂಕಟಕ್ಕೆ, ಮುಟ್ಟಿದ್ದು ಪೇಟೆಗೆ. ಮುಂದಿನ ವಾರ ಸಂಜೆಯ ಹಣ್ಣು ನಮ್ಮ ಪಕ್ಕದ ಲಾರಿಗೆ ಏರಿತು. ವ್ಯಾಪಾರಿ ಅಪ್ಪನ ಹೆಗಲ ಮೇಲೆ ಕೈ ಹಾಕಿ, "ನಿಮಗ್ಯಾಕ ಕಷ್ಟರಿ, ಹಗಲಿ ಸಿಮೆಂಟ್ ಬಾಡಿಗಿ ಅದಾವಲ್ಲ" ಎಂದ. ಅಪ್ಪ "ಹೌದ್ರಿ" ಎಂದು ಬಂದು ಲಾರಿಯ ಪಕ್ಕ ನಿಂತುಕೊಂಡ. ಹಗ್ಗ ಸುತ್ತಿ ಇಟ್ಟಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ. ನಾನು ಅದನ್ನು ಯಾರ ಮುಂದೆಯೂ ಮಾಡಿ ತೋರಿಸಿಲ್ಲ.

ಆಮೇಲೆ ಈ ಸುದ್ದಿ ಕೇಳಿ ಚಡಚಣದಿಂದ ಒಬ್ಬರು ಫೋನ್ ಮಾಡಿದರು. ದ್ರಾಕ್ಷಿ ತೋಟದವರು, ತೋಟದ ಕೆಲಸಕ್ಕೆ ಹಳೆಯ ಲಾರಿ ಹುಡುಕುತ್ತಿದ್ದರು. ಮಾತು ಅರ್ಧ ಮರಾಠಿ, ಅರ್ಧ ಕನ್ನಡ. "ಸೋಮವಾರಿ ಬರ್ತೇನಿ, ಪಸಂದ್ ಬಿದ್ರ ಒಯ್ತೇನಿ" ಎಂದರು. ಅವ್ವ ಒಪ್ಪಿದಳು. ಅಪ್ಪ ಎರಡು ಹೊತ್ತು ಸರಿಯಾಗಿ ಉಣ್ಣಲಿಲ್ಲ. ಮೂರನೆಯ ಹೊತ್ತಿಗೆ ರೊಟ್ಟಿ ಮುರಿಯುತ್ತ ಹೇಳಿದ:

"ಲೈಟ್ ಬದಲಿ ಮಾಡಸ್ತೇನಿ. ಆದಿತ್ಯವಾರ ಸಂಜಿಗಿ ನೀನ ಬಾಜೂಕ ಕುಂದ್ರು. ನನ್ನ ಕಣ್ಣು ಹೋಗ್ಯಾವ ಅಂತ ನಿನಗ ಆವಾಗೂ ಅನ್ನಿಸಿದ್ರ, ನಾನ ಕೀಲಿ ಅವರ ಕೈಯಾಗ ಕೊಡ್ತೇನಿ."

"ಮಾತು ಮಾತೇನ್ರಿ?"

"ಮಾತು ಮಾತ."

ಶನಿವಾರ ಮುದ್ದೇಬಿಹಾಳಕ್ಕೆ ಹಗಲಿನ ಸಿಮೆಂಟ್ ಬಾಡಿಗೆ ಇತ್ತು. ಇಳಿಸಿ ಬರುವಾಗ ಬಸವನ ಬಾಗೇವಾಡಿಯಲ್ಲಿ ಅಪ್ಪನ ಹಳೆಯ ಪರಿಚಯದ ವೈರಿಂಗ್ ಮಿಸ್ತ್ರಿಯ ಶೆಡ್ಡಿಗೆ ಲಾರಿ ಹಚ್ಚಿದೆವು. ಆ ಮಿಸ್ತ್ರಿ ಮಾತಾಡಿದರೆ ಚುನಾವಣೆಗೆ ನಿಂತವನ ಹಾಗೆ. ಒಂದು ಸ್ಕ್ರೂ ತೆಗೆಯುವುದಕ್ಕೂ ಮುನ್ನುಡಿ ಬೇಕು. ಒಂದು ಕಿವಿಗೆ ಫೋನು ಸಿಕ್ಕಿಸಿಕೊಂಡು ಇನ್ನೊಂದು ಕಿವಿಯಲ್ಲಿ ನಮ್ಮ ಮಾತು ಕೇಳುತ್ತಿದ್ದ. ಉತ್ತರಗಳು ಆಗಾಗ ಅದಲು ಬದಲಾಗುತ್ತಿದ್ದವು. ಅಪ್ಪನಿಗೆ, "ನೀ ಏನ್ ಕಾಳಜಿ ಮಾಡಬ್ಯಾಡ, ಗಂಡನ ಮನಿಯವರ ಕೂಡ ನಾ ಮಾತಾಡ್ತೇನಿ" ಎಂದ. ಅಪ್ಪ ಗಾಬರಿಯಾಗಿ ನನ್ನ ಮುಖ ನೋಡಿದ.

ಫೋನಿಟ್ಟ ಮೇಲೆ ಮಿಸ್ತ್ರಿ ಒಂದು ಡಬ್ಬಿ ತೆಗೆದು ತೋರಿಸಿದ. ನೀಲಿ ಛಾಯೆಯಲ್ಲಿ ಬೆಳ್ಳಗೆ ಉರಿಯುವ ಎಲ್‌ಇಡಿ ಬಲ್ಬು.

"ಕಾಕಾರ, ಇದನ್ನ ಹಾಕ್ಸ್ರಿ. ಸಿಂದಗಿಯೊಳಗ ಹಚ್ಚಿದ್ರ ಇಂಡಿಯೊಳಗ ಕೋಳಿ ಕೂಗಬೇಕು."

ನನಗಂತೂ ಬಾಯಲ್ಲಿ ನೀರು ಬಂತು. ನೀಲಿ ಬೆಳಕಿನ ಲಾರಿಯಿಂದ ಮದುವೆ ಮಂಟಪದ ಮುಂದೆ ಇಳಿಯುವುದನ್ನು ಆಗಲೇ ಕಣ್ಣ ಮುಂದೆ ತಂದುಕೊಂಡಿದ್ದೆ. ಅಪ್ಪ ಡಬ್ಬಿಯನ್ನು ವಾಪಸು ಸರಿಸಿದ.

"ಎದುರಿಗಿ ಬರಾಂವಗ ಏನ್ ಕಾಣಬೇಕೋ? ಅವನ ಕಣ್ಣು ಕಟ್ಟಿ ನಾ ದಾರಿ ನೋಡ್ಲೇನು? ಇದ್ದ ನಮೂನಿದ ಹೊಸಾವು ಹಾಕು."

ಹಾಗೆ ನನ್ನ ನೀಲಿ ಬೆಳಕು ಡಬ್ಬಿಗೆ ಮರಳಿತು. ಮಿಸ್ತ್ರಿ ನಿರಾಶೆಯಿಂದ ಎರಡೂ ಹೆಡ್‌ಲೈಟು ಬಿಚ್ಚಿದ. ಬಲ್ಬ್ ತೆಗೆದ. ಗಾಜು ಬಿಡಿಸಿದ. ಬಲ್ಬಿನ ಹಿಂದೆ ಬಟ್ಟಲಿನಾಕಾರದ ಒಂದು ತಗಡು ಇರುತ್ತದೆ. ಕನ್ನಡಿಯ ಹಾಗೆ ಬೆಳಕನ್ನೆಲ್ಲ ಒಟ್ಟುಗೂಡಿಸಿ ಮುಂದಕ್ಕೆ ಎಸೆಯುವುದು ಅದೇ. ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ, ಶೆಡ್ಡಿನಲ್ಲಿದ್ದವರೆಲ್ಲ ಕೇಳುವ ಹಾಗೆ ನಕ್ಕ.

"ಯಾವ ಪುಣ್ಯಾತ್ಮ ತಿಕ್ಕ್ಯಾನ್ರಿ ಇದನ್ನ? ತಾಟು ತಿಕ್ಕಿದಂಗ ತಿಕ್ಕ್ಯಾನಲ್ಲ! ಇದರ ಮ್ಯಾಲ ಬೆಳ್ಳಿ ಬಣ್ಣದ ಪದರ ಇರ್ತೈತಿ, ಉಸರು ಬಿಟ್ಟಷ್ಟ ತೆಳ್ಳಗ. ಒರಸೂ ಅರಿವಿ ಸುದ್ದಾ ಮುಟ್ಟಸಬಾರದು. ಇಲ್ಲಿ ಬರೀ ತಗಡ ಉಳದೈತಿ. ಬೆಳಕ ಎಲ್ಲಿಂದ ಹೋಗ್ತೈತಿ ಮುಂದ?"

ಅಪ್ಪ ಬಟ್ಟಲನ್ನು ಇಸಿದುಕೊಂಡ. ತಗಡಿನ ತುಂಬ ಸುತ್ತುಸುತ್ತಾಗಿ ಸಣ್ಣ ಸಣ್ಣ ಗೀರು. ಹೊಳಪು ಇತ್ತು, ಆದರೆ ಅದು ಅಡುಗೆಮನೆಯ ಹೊಳಪು. ನಮ್ಮ ಮನೆಯಲ್ಲಿ ಹುಟ್ಟಿದ ಯಾರೂ ಆ ಗೀರುಗಳನ್ನು ಗುರುತಿಸಬಲ್ಲರು. ನಮ್ಮ ತಂಬಿಗೆಗಳ ಮೇಲೆ, ದೇವರ ದೀಪದ ಸಮೆಗಳ ಮೇಲೆ, ನಾನು ಉಂಡು ಸ್ಟೇರಿಂಗ್ ಮಾಡಿಕೊಳ್ಳುವ ತಾಟಿನ ಮೇಲೂ ಅವೇ ಇವೆ.

ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಹೋದ ಆಯುಧಪೂಜೆಯ ಹಿಂದಿನ ದಿನ. ಕಲ್ಲು ಸಿಡಿದು ಒಂದು ಲೈಟಿನ ಗಾಜು ಒಡೆದಿತ್ತು. ಒಂದು ಹೊಸದು ಒಂದು ಹಳೆಯದಾದರೆ ಲಾರಿ ಮೆಳ್ಳಗಣ್ಣಿನ ಹಾಗೆ ಕಾಣುತ್ತದೆಂದು ಅಪ್ಪ ಎರಡೂ ಗಾಜು ತಂದಿದ್ದ. ಹಚ್ಚುವ ಮೊದಲು ಬಟ್ಟಲುಗಳನ್ನು ಕಟ್ಟೆಯ ಮೇಲೆ ಇಟ್ಟು ಹೂವು ತರಲು ಹೋದ. ನಮ್ಮಲ್ಲಿ ಆ ದಿನ ದುಡಿಯುವ ವಸ್ತುವನ್ನೆಲ್ಲ ತೊಳೆದು ಬೆಳಗಿ ಪೂಜೆಗೆ ಇಡುತ್ತಾರೆ. ಅವ್ವ ದೇವರ ಸಾಮಾನು ಬೆಳಗುತ್ತಿದ್ದಳು. ಧೂಳು ಹಿಡಿದ ಎರಡು ಬಟ್ಟಲು ಪಕ್ಕದಲ್ಲಿ ಕಂಡವು. ಹುಣಸೆಹಣ್ಣು ಕೈಯಲ್ಲೇ ಇತ್ತು, ಬೂದಿ ಬದಿಯಲ್ಲೇ ಇತ್ತು. "ದಿನಾ ರಾತ್ರಿ ಇವರನ್ನ ಮನಿಗಿ ಕರಕೊಂಡ ಬರೂ ದೀಪ ಇವು" ಎಂದು ಸಮೆಗಿಂತ ಹೆಚ್ಚು ಹೊತ್ತು ಅವನ್ನೇ ತಿಕ್ಕಿದ್ದಳು. ಅಪ್ಪ ಬಂದು ನೋಡಿ, "ಏನ್ ಫಳಫಳ ಮಾಡೀಯಬೇ!" ಎಂದು ಖುಷಿಪಟ್ಟು ಗಾಜು ಕೂಡಿಸಿದ್ದ. ಕುತ್ತಿಗೆ ಚಾಚಲು ಶುರು ಮಾಡಿದ್ದು ಅದರ ಮರುವಾರದಿಂದ. ದೀಪ ಬೆಳಗಿದ್ದೂ ಕುತ್ತಿಗೆ ಚಾಚಿದ್ದೂ ಒಂದಕ್ಕೊಂದು ಸಂಬಂಧವೆಂದು ಯಾರ ತಲೆಗೂ ಹೊಳೆದಿರಲಿಲ್ಲ.

ಅವ್ವ ತಿಕ್ಕುವುದನ್ನು ಮಾಡಿ ತೋರಿಸಲು ನನ್ನ ಕೈ ಆಗಲೇ ಎದ್ದಿತ್ತು. ತುಟಿ ಬಿಗಿಹಿಡಿದು, ಬಳೆ ಹಿಂದಕ್ಕೆ ಸರಿಸಿ, ಗರಗರ ತಿರುಗಿಸುವುದು; ಶೆಡ್ಡೇ ಬಿದ್ದು ನಗುತ್ತಿತ್ತು. ಅಪ್ಪ ನನ್ನ ಕಡೆ ನೋಡಿದ. ಕೈ ಇಳಿಸಿದೆ. ಇಳಿದ ಕೈಗೆ ಏನಾದರೂ ಕೆಲಸ ಬೇಕಲ್ಲ, ತಲೆ ಕೆರೆದುಕೊಂಡೆ.

"ಯಾರ್ ತಿಕ್ಕಿದ್ರೋ ಏನೋ. ಹಳೇ ಮಾಲು" ಎಂದ ಅಪ್ಪ.

ಮಿಸ್ತ್ರಿ ಬಿಡಲಿಲ್ಲ. "ಯಾರರ ಇರ್ಲಿ ಕಾಕಾರ, ಶ್ಯಾಣ್ಯಾತನ ನೋಡ್ರಿ..."

"ಬಾಯಿ ಸಣ್ಣದು ಮಾಡು ಮಿಸ್ತ್ರಿ. ಕೆಲಸ ಮಾಡು."

ಅಪ್ಪ ದನಿ ಏರಿಸಿದ್ದನ್ನು ನಾನು ಅಪರೂಪಕ್ಕೆ ಕೇಳಿದ್ದು. ಮಿಸ್ತ್ರಿಗೆ ಭಾಷಣ ಮರೆತುಹೋಯಿತು. ಬಟ್ಟಲೂ ಗಾಜೂ ಒಂದಕ್ಕೊಂದು ಅಂಟಿಕೊಂಡೇ ಬರುವಂಥ ಎರಡು ಹೊಸ ಲೈಟು ಕೂಡಿಸಿದ. ಅವುಗಳ ಒಳಗೆ ಯಾರ ಹುಣಸೆಹಣ್ಣಿಗೂ ದಾರಿಯಿಲ್ಲ. ಹಳೆಯ ವೈರು ಸ್ವಿಚ್ಚಿಗೆಲ್ಲ ಸುತ್ತು ಹಾಕಿ ಬರುವಷ್ಟರಲ್ಲಿ ಕರೆಂಟಿನ ಬಲ ದಾರಿಯಲ್ಲೇ ಸೋರಿಹೋಗುತ್ತದೆಂದು, ರಿಲೇ ಎಂಬ ಸಣ್ಣ ಡಬ್ಬಿ ಹಾಕಿ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದ. ಗೋಡೆಗೆ ಬೆಳಕು ಬಿಟ್ಟು, ಎತ್ತರ ತಗ್ಗು ಸರಿಮಾಡಿದ. ಹೊರಡುವಾಗ ಅಪ್ಪ ಹಳೆಯ ಬಟ್ಟಲುಗಳನ್ನು ಗುಜರಿಗೆ ಬಿಡದೆ ಒಂದು ಗೋಣಿಚೀಲದಲ್ಲಿ ಸುತ್ತಿ ಸೀಟಿನ ಹಿಂದೆ ಇಟ್ಟ.

ಬಾಗೇವಾಡಿ ದಾಟಿದ ಮೇಲೆ ಕೇಳಿದೆ:

"ಅವ್ವಗ ಹೇಳಿಬಿಡು ಅಪ್ಪಾ. ಒಂದ ಮಾತಿನ್ಯಾಗ ಮುಗೀತೈತಿ. ಮತ್ತ ಎಂದೂ ಕಣ್ಣಿನ ಸುದ್ದಿ ತಗಿಯಂಗಿಲ್ಲ. ನೀ ಗೆದ್ದಿ."

"ಗೆದ್ದು ಏನ್ ಮಾಡ್ಲಿ?" ಎಂದ. ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಜಾಳಿಗಿ ಡೊಂಕ ನೋಡಿದಾಗಿಂದ ಅಕಿಗಿ ಇನ್ನೂ ನಿದ್ದಿ ಬಂದಿಲ್ಲ. ಅದಕ್ಕ ಕಾರಣ ತನ್ನ ಕೈಯ ಅಂತ ಗೊತ್ತಾದ್ರ ಮುಂದ ನಿದ್ದಿ ಮಾಡ್ಯಾಳೇನು? ನೀ ಬಾಯಿ ಮುಚ್ಕೊಂಡಿರು. ಆಗ್ತೈತಿಲ್ಲೋ?"

"ಪ್ರಯತ್ನ ಮಾಡ್ತೇನಿ. ರೂಢಿ ಇಲ್ಲ" ಎಂದೆ.

ಭಾನುವಾರ ಸಂಜೆ ಅವ್ವ ಪರೀಕ್ಷೆಗೆ ಸಿದ್ಧಳಾಗಿ ಬಂದಳು. ಹಸಿರು ಇಳಕಲ್ ಸೀರೆ, ಚಶ್ಮಾ, ನೀರಿನ ಬಾಟಲಿ, ಕೈಯಲ್ಲಿ ಚುರುಮುರಿಯ ಗಂಟು. ಹಣೆಗೆ ವಿಭೂತಿ ಹಚ್ಚಿಕೊಂಡು, ಲಾರಿಗೂ ಹಚ್ಚಿ, ನನಗೂ ಹಚ್ಚಿದಳು. ನಾನು ನಡುವೆ, ಅವಳು ಕಿಟಕಿಯ ಕಡೆ. ಸಿಂದಗಿಯ ರಸ್ತೆ ಹಿಡಿದೆವು. ಹೊತ್ತು ಮುಳುಗಿತು, ಆಕಾಶದ ಕೆಂಪು ಹೋಯಿತು, ಅಪ್ಪ ಲೈಟ್ ಹಾಕಿದ.

ಬೆಳಕು ಡಾಂಬರಿನ ಮೇಲೆ ಚಾಪೆ ಬಿಚ್ಚಿದ ಹಾಗೆ ಹರಡಿಕೊಂಡು ಹೋಯಿತು. ರಸ್ತೆಯಂಚಿನ ಬಳ್ಳಾರಿ ಜಾಲಿಯ ಮುಳ್ಳು, ಅದಕ್ಕೆ ಸಿಕ್ಕಿದ ಪ್ಲಾಸ್ಟಿಕ್ ಚೀಲ, ಅಲ್ಲಿಂದಾಚೆ ಬಿಳಿ ಗೆರೆ, ಅದರಾಚೆಯ ತಿರುವು, ಎಲ್ಲ ಕಂಡವು. ಅಪ್ಪನ ಬೆನ್ನು ನಿಧಾನವಾಗಿ ಹಿಂದಕ್ಕೆ ಹೋಗಿ ಸೀಟಿಗೆ ತಾಗಿತು. ಎಷ್ಟೋ ತಿಂಗಳಾಗಿತ್ತು ಅವನು ಹಾಗೆ ಒರಗಿ ಕುಳಿತು. ಎದುರು ಗಾಡಿ ಬಂದಾಗಲೆಲ್ಲ ಬೆಳಕು ಇಳಿಸಿ, ಅದು ದಾಟಿದ ಮೇಲೆ ಏರಿಸುತ್ತಿದ್ದ.

ಅವ್ವ ಬೆಳಕಿಗೆ ಮರುಳಾಗಲಿಲ್ಲ. ಪರೀಕ್ಷೆ ಪರೀಕ್ಷೆಯೇ. ಕಂಡದ್ದನ್ನೆಲ್ಲ ಮೊದಲೇ ಕೂಗುತ್ತಿದ್ದಳು.

"ಎಡಕ್ಕ ಸೈಕಲ್ಲು ನೋಡ್ರಿ!"

"ನೋಡೇನಿ."

"ಮುಂದ ತಗ್ಗ ಐತಿ!"

"ಅದು ನನಗ ಹುಟ್ಟಿದಾಗಿಂದ ಗೊತ್ತೈತಿ."

"ಅಲ್ಲಿ ಯಾರೋ ನಿಂತಾರ!"

"ಬೋರ್ಡ್ ಅದು ಅವ್ವಾ" ಎಂದೆ. "ಸಿಂದಗಿ ಅಂತ ಬರದೈತಿ. ಕೈ ಮಾಡು, ಹತ್ತಿಸ್ಕೊಳ್ಳೂಣು."

ನನ್ನ ತೊಡೆಗೊಂದು ಗುದ್ದು ಬಿತ್ತು. ಆ ಗುದ್ದು ಆರುವ ಮೊದಲೇ ಅಪ್ಪ ಗೇರ್ ಇಳಿಸಿ, ಮೆಲ್ಲಗೆ ಬ್ರೇಕ್ ಒತ್ತಿ ಲಾರಿ ನಿಲ್ಲಿಸಿದ. ಮುಂದೆ ಖಾಲಿ ರಸ್ತೆ.

"ಯಾಕ್ರಿ? ಯಾಕ ನಿಂದ್ರಿಸಿದ್ರಿ?"

"ಎಮ್ಮಿ ಐತಿ."

"ಎಲ್ಲಿ?"

ಅವ್ವ ಚಶ್ಮಾ ಒರೆಸಿಕೊಂಡು ಮುಂದಕ್ಕೆ ಬಾಗಿದಳು. ಕುತ್ತಿಗೆ ಚಾಚಿದಳು. ನಾನು ತಾಟು ಹಿಡಿದು ಮಾಡುವ ಭಂಗಿ ಥೇಟ್ ಅದೇ. ರಸ್ತೆಯಂಚಿನ ಕತ್ತಲೆಯೊಂದು ಅಲುಗಾಡಿತು. ಕಪ್ಪು ಎಮ್ಮೆಯಾಗಿ ಬೆಳಕಿನೊಳಗೆ ಬಂತು. ಅದರ ಹಿಂದೆ ಇನ್ನೊಂದು. ಅವುಗಳ ಹಿಂದೆ ತಲೆಗೆ ಕಂಬಳಿ ಹೊದ್ದ ಮುದುಕ, ನಮ್ಮ ಕಡೆ ಕೈ ಎತ್ತಿ ದಾಟಿಸಿಕೊಂಡು ಹೋದ. ಎಮ್ಮೆಗಳಿಗೆ ಅವಸರವೇನೂ ಇರಲಿಲ್ಲ.

ಅವ್ವ ಚುರುಮುರಿಯ ಗಂಟು ಬಿಚ್ಚಿದಳು. ಪರೀಕ್ಷೆ ಮುಗಿಯಿತೆಂದು ನಾನು ಕೈಚಾಚಿದೆ. ಅಷ್ಟರಲ್ಲಿ ಅವಳ ಕಾಲಿಗೆ ಏನೋ ತಾಗಿತು. ಲಾರಿ ನಿಂತಾಗ ಸೀಟಿನ ಹಿಂದಿನ ಗೋಣಿಚೀಲ ಜಾರಿ ಕೆಳಗೆ ಬಂದಿತ್ತು. "ಏನಿದು ಖಣ್ ಅಂತು?" ಎಂದು ಎತ್ತಿ ತೊಡೆಯ ಮೇಲಿಟ್ಟುಕೊಂಡು ಬಿಚ್ಚಿದಳು. ಕ್ಯಾಬಿನ್ನಿನ ಸಣ್ಣ ದೀಪದಲ್ಲಿ ಎರಡು ಬಟ್ಟಲು ಹೊಳೆದವು.

"ಇವು ಚಲೋನ ಅದಾವಲ್ರಿ. ಯಾಕ ತಗದ್ರಿ?"

ನಾವಿಬ್ಬರೂ ಎಮ್ಮೆ ಹೋದ ದಾರಿಯನ್ನೇ ನೋಡುತ್ತಿದ್ದೆವು. ಅವ್ವ ಬಟ್ಟಲನ್ನು ದೀಪಕ್ಕೆ ಹಿಡಿದಳು, ತಿರುಗಿಸಿದಳು, ಹೆಬ್ಬೆರಳಿನಿಂದ ಗೀರುಗಳನ್ನು ಸವರಿದಳು. ತವರಿನಿಂದ ತಂದ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿಯ ಬಿಳಿ ಲೇಪ ಹಾಕಿಸಿದ ವರ್ಷ ನಮಗೆ ಯಾರಿಗೂ ಅವನ್ನು ಮುಟ್ಟಲು ಬಿಡದವಳು ಅವಳು. ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದರೆ ಕಲಾಯಿ ಉಳಿಯುವುದಿಲ್ಲವೆಂದು ಅವಳಿಗೆ ಯಾವ ಮಿಸ್ತ್ರಿಯೂ ಹೇಳಬೇಕಾಗಿರಲಿಲ್ಲ.

"ಇದಕ್ಕ ಕಲಾಯಿ ಇತ್ತೇನ್ರಿ?" ಎಂದಳು.

ಅಪ್ಪ ಲಾರಿಯ ಗೇರ್ ಹಾಕಿದ. "ಎಂಥಾ ಕಲಾಯಿ. ಹಳೇವಾಗಿದ್ವು, ತಗಸಿದ್ನಿ."

"ನನ್ನ ಮಾರಿ ನೋಡಿ ಹೇಳ್ರಿ."

"ಗಾಡಿ ಓಡಸಾಕತ್ತೇನಿ, ಮಾರಿ ಹೆಂಗ ನೋಡ್ಲಿ?"

ಅವ್ವ ನನ್ನ ಕಡೆ ತಿರುಗಿದಳು. "ನೀ ಹೇಳೋ. ನಿನ್ನ ಬಾಯಾಗಂತೂ ಏನೂ ನಿಲ್ಲೂದಿಲ್ಲ."

ಆಗ ನನಗೆ ತಿಳಿದ ಒಂದೇ ಕೆಲಸ ಮಾಡಿದೆ. ಬಾಗೇವಾಡಿ ಮಿಸ್ತ್ರಿಯಾದೆ. ಒಂದು ಕಿವಿಗೆ ಕೈ ಇಟ್ಟು, ಎದೆ ಉಬ್ಬಿಸಿ, "ಅವ್ವಾರ, ಈ ವೈರ್ ಅನ್ನೂದು ಏನೈತಲ್ಲ, ಅದು ಮನಶ್ಯಾನ ನರ ಇದ್ದಂಗ. ನಿಮ್ಮ ಲಾರಿ ನರ ಎಲ್ಲಾ ಸುಟ್ಟಿದ್ವು. ಬಟ್ಟಲದಂತೂ ಏನೂ ತಪ್ಪಿಲ್ಲ, ಅದನ್ನ ತಿಕ್ಕಿದವರು ಮುತ್ತೈದಿ..." ಎಂದೆ. ಹೇಳುತ್ತ ಹೇಳುತ್ತ ನನಗೇ ಗೊತ್ತಾಯಿತು: ಕೇಳದಿದ್ದ ಪ್ರಶ್ನೆಗೆ ಉತ್ತರ ಕೊಟ್ಟುಬಿಟ್ಟಿದ್ದೆ.

ಅವ್ವ ನಗಲಿಲ್ಲ, ಅಳಲೂ ಇಲ್ಲ. ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟು ಸೆರಗಿನಿಂದ ಮುಚ್ಚಿಕೊಂಡಳು. ಅಪ್ಪ ಎಡಗೈಯನ್ನು ಸ್ಟೇರಿಂಗಿನಿಂದ ತೆಗೆದು, ನನ್ನ ತೊಡೆಯ ಮೇಲಿಂದ ಚಾಚಿ, ಆ ಸೆರಗಿನ ಮೇಲೆ ಒಂದು ಗಳಿಗೆ ಇಟ್ಟ. ಆ ನಡುವಿನ ಸೀಟಿನಲ್ಲಿ ನಾನು ಇರಬಾರದಿತ್ತು. ಇಳಿದುಹೋಗೋಣವೆಂದರೆ ಲಾರಿ ಓಡುತ್ತಿತ್ತು. ಚುರುಮುರಿಯ ಗಂಟಿನೊಳಗೆ ಮುಖ ಇಟ್ಟುಕೊಂಡು ಕುಳಿತೆ.

"ಎಂದ ಗೊತ್ತಾತು?" ಎಂದಳು.

"ನಿನ್ನೆ."

"ಮತ್ತ ಯಾಕ ಹೇಳಲಿಲ್ಲ?"

"ನೀ ದೀಪ ಬೆಳಗಿದ್ದು ನಾ ಮನಿಗಿ ಬರಲಿ ಅಂತ. ಬಂದೇನಲ್ಲ ದಿನಾ. ಅದರಾಗ ಹೇಳೂದೇನೈತಿ?"

ಅವ್ವ ಮೂಗು ಒರೆಸಿಕೊಂಡಳು. ಆಮೇಲೆ ನನ್ನ ಕಿಸೆಯಿಂದ ಫೋನ್ ಎಳೆದು, "ಚಡಚಣದವರಿಗಿ ಹಚ್ಚು" ಎಂದಳು. ಹಚ್ಚಿ ಸ್ಪೀಕರಿಗೆ ಹಾಕಿದೆ. ಅವ್ವ "ಅಣ್ಣಾರ" ಎಂದಳು.

"ಹಾಂ, ಬೋಲಾ, ನಾಳಿ ಬರ್ತೇನ್ರಿ ವೈನೀ" ಎಂದು ಅವರು ಅವ್ವನನ್ನು ಮರಾಠಿಯಲ್ಲಿ ಅತ್ತಿಗೆ ಮಾಡಿಕೊಂಡರು.

"ಬರಬ್ಯಾಡ್ರಿ ಅಣ್ಣಾರ. ಲಾರಿ ಕೊಡೂದಿಲ್ಲ."

"ಅರೇ, ಮಾಲಕರ ಕಣ್ಣು ಕಾಣಂಗಿಲ್ಲ ಅಂದಿದ್ರಿ?"

"ಅವರ ಕಣ್ಣು ಗಟ್ಟಿ ಅದಾವ್ರಿ. ಕೆಟ್ಟಿದ್ದು ಲೈಟು. ಕೆಡಿಸಿದಾಕಿ ನಾನು."

ಅಪ್ಪ, "ಏ, ಇಡು, ಇಡು ಫೋನು" ಎಂದು ಪಿಸುಗುಟ್ಟುತ್ತಿದ್ದ. ಅವ್ವ ಇಡಲಿಲ್ಲ. ಕಟ್ಟೆ, ಹುಣಸೆಹಣ್ಣು, ಬೂದಿ, ಕಬ್ಬಿನ ಟ್ರೇಲರು, ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಆ ಕಡೆಯಿಂದ ಚಡಚಣದವರು ಬಿದ್ದು ಬಿದ್ದು ನಕ್ಕು, "ನಮ್ಮ ಮನಿಯಾಕಿ ಮೊನ್ನಿ ಟಿವಿ ತೊಳದಾಳ್ರಿ ವೈನೀ" ಎಂದರು.

ಅದು ಅಲ್ಲಿಗೆ ಮುಗಿಯಲಿಲ್ಲ. ಸೋಮವಾರ ಬೀಸುವುದು ಏನೂ ಇರದಿದ್ದರೂ ಅವ್ವ ಒಂದು ಡಬ್ಬಿ ಜೋಳ ಹಿಡಿದುಕೊಂಡು ಗಿರಣಿಗೆ ಹೋದಳು. ಅಲ್ಲಿಂದ ಪೇಟೆಗೆ. ನಾನು ಹಿಂದೆ ಹಿಂದೆ ಹೋದೆ. ನಿಂಬೆಹಣ್ಣಿನ ರಾಶಿಗಳ ನಡುವೆ ನಿಂತು, ವ್ಯಾಪಾರಿಗಳ ಮುಂದೆ, ಬಳೆ ಹಿಂದಕ್ಕೆ ಸರಿಸಿ, ತುಟಿ ಬಿಗಿಹಿಡಿದು, ಗಾಳಿಯಲ್ಲಿ ಒಂದು ಬಟ್ಟಲು ಹಿಡಿದುಕೊಂಡು ಗರಗರ ತಿಕ್ಕಿ ತೋರಿಸಿದಳು. ನಾನು ಬಾಗೇವಾಡಿಯಲ್ಲಿ ಮಾಡದೆ ಬಿಟ್ಟದ್ದನ್ನು ಅವಳೇ ಮಾಡಿದಳು, ನನಗಿಂತ ಚೆನ್ನಾಗಿ. ಸವಾಲು ಕೂಗುವವನು ಸವಾಲು ನಿಲ್ಲಿಸಿ ನಕ್ಕ. ನಗುವ ವ್ಯಾಪಾರಿಗಳಿಗೆ ಅವ್ವ, "ನಗೂದಾದ ಮ್ಯಾಲ ಕೇಳ್ರಿ. ಎಮ್ಮಿ ನನಗ ಕಾಣೂಕಿಂತ ಮೊದಲ ಇವರಿಗಿ ಕಂಡೈತಿ" ಎಂದಳು.

ಮನೆಗೆ ಬಂದಾಗ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಅಪ್ಪ ಕಟ್ಟೆಯ ಮೇಲೆ ಕೆಂಪಗಾಗಿ ಕುಳಿತಿದ್ದ.

"ಊರ ತುಂಬ ಹೇಳಿ ಬಂದೀಯಲ್ಲ, ನಿನಗ ನಾಚಿಕಿ ಆಗಂಗಿಲ್ಲೇನು? ನಾ ಮುಚ್ಚಿಟ್ಟಿದ್ದು ಯಾಕ?"

"ನಿಮ್ಮ ಕಣ್ಣು ಹೋಗ್ಯಾವ ಅಂತ ಊರ ತುಂಬ ಹೇಳಿದಾಕಿ ಯಾರ್ರಿ? ನಾನ ಅಲ್ಲ? ಅಲ್ಲೆಲ್ಲಾ ಹೋಗಿ ನಾನ ತಿರಗಿ ಹೇಳಬೇಕು. ನೀವು ಸುಮ್ಮ ಕುಂದ್ರ್ರಿ."

ಅಪ್ಪ ಸುಮ್ಮನೆ ಕುಳಿತ. ಬಹಳ ಹೊತ್ತು ಕುಳಿತುಕೊಳ್ಳಲು ಆಗಲಿಲ್ಲ. ಹೊತ್ತು ಇಳಿಯುವ ಮೊದಲು ಪೇಟೆಯ ಆ ವ್ಯಾಪಾರಿ ಬೈಕ್ ಮೇಲೆ ಬಂದು, ಇಳಿಯದೆಯೇ, ಒಳಗೆ ಅವ್ವನಿಗೂ ಕೇಳುವ ಹಾಗೆ ಕೂಗಿ ಕೇಳಿದ:

"ಏನ್ರಿ, ಇವತ್ತ ಸಂಜಿಗಿ ಹಣ್ಣು ಐತಿ. ಒಯ್ತೀರೇನು?"

ಅಪ್ಪ ಎದ್ದು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಬಾಗಿಲ ಕಡೆ ನೋಡಿದ. ಅವ್ವ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಆಗಲೇ ಹೊಸ್ತಿಲಲ್ಲಿ ನಿಂತಿದ್ದಳು.